ಕಂಪನಿ ಇಂಜಿನೋ, ಕಟ್ಟಿಸಿದ ಇಂಜಿನೋ? - ವಾಹನ ಮಾಲೀಕರಿಗೊಂದು ಲೆಕ್ಕದ ಪಾಠ

'ಇಂಜಿನ್ ಇಳಿಸಬೇಕು' ಎಂಬ ಮಾತು ಲಾರಿಯ ಮಾಲೀಕನಿಗೆ ಯಾವ ಹೊತ್ತಿನಲ್ಲೂ ಹಿತವಾದುದಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ, ಪಾಂಡವಪುರದ ಸಕ್ಕರೆ ಕಾರ್ಖಾನೆಗೋ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗೋ ಕಬ್ಬು ಸಾಗಿಸುವ ಒಪ್ಪಂದ ಕೈಯಲ್ಲಿರುವಾಗ ಕೇಳಿಬಂದರಂತೂ ಅದು ಇಡೀ ವರ್ಷದ ಲೆಕ್ಕವನ್ನೇ ತಲೆಕೆಳಗು ಮಾಡಬಲ್ಲುದು. ಶ್ರೀರಂಗಪಟ್ಟಣದಲ್ಲಿ ಪ್ರವಾಸಿ ವಾಹನಗಳನ್ನು ಓಡಿಸುವವರಿಗೆ ದಸರಾ ಹೇಗೋ, ಮೇಲುಕೋಟೆಯ ದಾರಿಯಲ್ಲಿ ಓಡಿಸುವವರಿಗೆ ವೈರಮುಡಿ ಉತ್ಸವ ಹೇಗೋ, ನಾಗಮಂಗಲದಿಂದ ಬೆಳ್ಳೂರು ಕ್ರಾಸ್ ಮಾರ್ಗವಾಗಿ ತೆಂಗಿನಕಾಯಿ ಸಾಗಿಸುವವರಿಗೆ ಕೊಯ್ಲಿನ ದಿನಗಳು ಹೇಗೋ, ಹಾಗೆಯೇ ಪ್ರತಿಯೊಬ್ಬ ಮಾಲೀಕನಿಗೂ ವಾಹನ ನಿಲ್ಲಬಾರದ ಕೆಲವು ವಾರಗಳಿರುತ್ತವೆ. ಇಂಜಿನ್ ಕೈಕೊಡುವುದು ಬಹುತೇಕ ಆ ವಾರಗಳಲ್ಲಿಯೇ. ಏಕೆಂದರೆ ಭಾರ ಹೆಚ್ಚು ಬೀಳುವುದೂ ಆಗಲೇ.

ಆಗ ಮಾಲೀಕನ ಮುಂದೆ ಎರಡು ದಾರಿಗಳಿರುತ್ತವೆ. ತಯಾರಕ ಸಂಸ್ಥೆಯು ಸಿದ್ಧಪಡಿಸಿ, ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವ ಇಂಜಿನ್ನನ್ನು ತರಿಸಿ ಕೂಡಿಸುವುದು ಒಂದು. ತನ್ನ ವಾಹನದ ಇಂಜಿನ್ನನ್ನೇ ಬಿಚ್ಚಿಸಿ, ಬೋರಿಂಗ್ ವರ್ಕ್ಸ್‌ಗೆ ಕಳುಹಿಸಿ, ಸವೆದುದನ್ನು ಬದಲಾಯಿಸಿ ಮತ್ತೆ ಕಟ್ಟಿಸುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಕಡೆ 'ಕಂಪನಿ ಇಂಜಿನ್' ಎನ್ನುತ್ತಾರೆ. ಎರಡನೆಯದನ್ನು 'ಇಂಜಿನ್ ಕೆಲಸ' ಎಂದಷ್ಟೇ ಕರೆಯುವುದು ರೂಢಿ. ಅಮೆರಿಕದಲ್ಲಿ ಇದೇ ಪ್ರಶ್ನೆ ಕಾರಿನ ಹವ್ಯಾಸಿಗಳ ನಡುವೆ ಬಹುಕಾಲದಿಂದ ಚರ್ಚೆಯಲ್ಲಿದೆ. ಅಲ್ಲಿ ಮರದ ಪೆಟ್ಟಿಗೆಯಲ್ಲಿ ಬರುವ ಸಿದ್ಧ ಇಂಜಿನ್ನಿಗೆ 'ಕ್ರೇಟ್ ಇಂಜಿನ್' ಎಂದೇ ಹೆಸರು. 1955ರಲ್ಲಿ ಷೆವರ್ಲೆ ಸಂಸ್ಥೆಯು ಹೊರತಂದ ಚಿಕ್ಕ ಗಾತ್ರದ ವಿ-8 ಇಂಜಿನ್ನಿನ ಪೀಳಿಗೆಯನ್ನು ಇಂದಿಗೂ ಅಲ್ಲಿನವರು ಹಾಗೆ ಕೊಂಡು ಹಳೆಯ ಕಾರುಗಳಿಗೆ ಹಾಕುತ್ತಾರೆ. ಅವರ ಚರ್ಚೆ ಅಶ್ವಶಕ್ತಿಯ ಬಗ್ಗೆ. ನಮ್ಮ ಸದಸ್ಯರದು ಕಂತಿನ ಬಗ್ಗೆ, ಬಾಡಿಗೆಯ ಬಗ್ಗೆ. ಆದುದರಿಂದ ಪ್ರಸ್ತುತ ಲೇಖನದಲ್ಲಿ ವಿಷಯವನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಯಂತ್ರದ ವಿಚಾರದಲ್ಲಿ ಮೇಸ್ತ್ರಿಯ ಮಾತೇ ಕೊನೆಯದು. ಆದರೆ ಎರಡು ದರಪಟ್ಟಿಗಳ ನಡುವೆ ಆಯ್ಕೆ ಮಾಡುವುದು ಮೇಸ್ತ್ರಿಯ ಕೆಲಸವಲ್ಲ, ಮಾಲೀಕನ ಕೆಲಸ.

ಎರಡು ದರಪಟ್ಟಿಗಳೂ ಒಂದೇ ವಸ್ತುವಿನದಲ್ಲ

ಕಂಪನಿ ಇಂಜಿನ್ ಎಂದು ಹೇಳಿದಾಗ ಏನು ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಬ್ಲಾಕು, ಕ್ರ್ಯಾಂಕು, ಪಿಸ್ಟನ್ನು ಇಷ್ಟೇ ಜೋಡಿಸಿ ಬಂದರೆ ಅದು ಶಾರ್ಟ್ ಬ್ಲಾಕ್. ಅದರ ಮೇಲೆ ಹೆಡ್ಡು, ವಾಲ್ವುಗಳು, ಕ್ಯಾಮ್ ಶಾಫ್ಟ್ ಸೇರಿ ಬಂದರೆ ಲಾಂಗ್ ಬ್ಲಾಕ್. ಡೀಸೆಲ್ ಪಂಪು, ಇಂಜೆಕ್ಟರು, ಟರ್ಬೊ, ಸ್ಟಾರ್ಟರ್, ಆಲ್ಟರ್ನೇಟರ್ ಇವು ಸಾಮಾನ್ಯವಾಗಿ ಲಾಂಗ್ ಬ್ಲಾಕಿನ ಜೊತೆ ಬರುವುದಿಲ್ಲ. ಹಳೆಯ ಇಂಜಿನ್ನಿನಿಂದ ಕಳಚಿ ಹಾಕಬೇಕು. ಕೆಲವು ತಯಾರಕರು ಹಳೆಯ ಇಂಜಿನ್ನನ್ನು ವಾಪಸು ಪಡೆದು, ಕಾರ್ಖಾನೆಯಲ್ಲಿ ನವೀಕರಿಸಿದ ಇನ್ನೊಂದನ್ನು ಖಾತರಿಯೊಡನೆ ಕೊಡುತ್ತಾರೆ. ಟಾಟಾ ಮೋಟರ್ಸ್ ಸಂಸ್ಥೆಯ 'ಪ್ರೋಲೈಫ್' ಯೋಜನೆ ಈ ಬಗೆಯದು. ಇಲ್ಲಿ ಹಳೆಯ ಇಂಜಿನ್ನಿನ ಸ್ಥಿತಿಗೂ ಬೆಲೆಯಿರುತ್ತದೆ. ಬ್ಲಾಕು ಒಡೆದಿದ್ದರೆ ಅಥವಾ ಭಾಗಗಳು ಕಾಣೆಯಾಗಿದ್ದರೆ ವಿನಿಮಯದ ದರ ಸಿಗದೇ ಹೋಗಬಹುದು. ಆದ್ದರಿಂದ ದರವನ್ನು ಕೇಳುವ ಮುನ್ನವೇ ಹಳೆಯದನ್ನು ಗುಜರಿಗೆ ಕೊಡಕೂಡದು.

ಕಟ್ಟಿಸುವ ಇಂಜಿನ್ನಿನ ವಿಚಾರವೇ ಬೇರೆ. ಅದರ ಬೆಲೆ ಬಿಚ್ಚಿದ ಮೇಲೆಯೇ ತಿಳಿಯುವುದು. ಬೋರಿನ ಸವೆತವನ್ನು ಗೇಜಿನಿಂದ ಅಳೆದು, ಸಿಲಿಂಡರು ಅಂಡಾಕಾರವಾಗಿದೆಯೇ, ಮೇಲೊಂದು ಅಳತೆ ಕೆಳಗೊಂದು ಅಳತೆ ಇದೆಯೇ ಎಂದು ನೋಡಬೇಕು. ಕ್ರ್ಯಾಂಕಿನ ಜರ್ನಲ್‌ಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಸವೆದಿದ್ದರೆ 0.25 ಮಿಲಿಮೀಟರ್, ಇನ್ನೂ ಹೆಚ್ಚಾಗಿದ್ದರೆ 0.50 ಮಿಲಿಮೀಟರ್ ಗ್ರೈಂಡ್ ಮಾಡಿ, ಅದಕ್ಕೆ ತಕ್ಕ ಬೇರಿಂಗ್ ಹಾಕಬೇಕು. ಹೆಡ್ಡಿನಲ್ಲಿ ಬಿರುಕು ಕಂಡರೆ ಅಂದಾಜು ಅಲ್ಲಿಗೆ ಮುರಿದಂತೆಯೇ. ಹಲವು ಲಾರಿ ಮತ್ತು ಟ್ರ್ಯಾಕ್ಟರ್ ಇಂಜಿನ್ನುಗಳಲ್ಲಿ ಸಿಲಿಂಡರಿನ ಒಳಗೆ ನೀರಿಗೆ ತಾಗಿಕೊಂಡಿರುವ ಬಿಡಿ ಲೈನರುಗಳಿರುತ್ತವೆ. ಲೈನರು, ಪಿಸ್ಟನ್ನು, ರಿಂಗುಗಳನ್ನು ಒಂದು ಸೆಟ್ಟಾಗಿ ಬದಲಾಯಿಸಬಹುದಾದ ಕಾರಣ ಬೋರ್ ಮಾಡಿಸುವ ಪ್ರಸಂಗವೇ ಬಾರದು. ಇಂತಹ ಇಂಜಿನ್ನುಗಳನ್ನು ಕಟ್ಟಿಸಿಕೊಳ್ಳಲೆಂದೇ ರೂಪಿಸಲಾಗಿದೆ ಎನ್ನಬಹುದು. ನಮ್ಮ ತಾಲ್ಲೂಕುಗಳ ಟ್ರ್ಯಾಕ್ಟರುಗಳು ಎರಡು ಮೂರು ಸಲ ಇಂಜಿನ್ ಕೆಲಸ ಕಂಡೂ ದುಡಿಯುತ್ತಿರುವುದಕ್ಕೆ ಇದೂ ಒಂದು ಕಾರಣ. ಇದಕ್ಕೆ ವಿರುದ್ಧವಾಗಿ, ಅಲ್ಯೂಮಿನಿಯಂ ಬ್ಲಾಕಿನ ಸಣ್ಣ ಕಾರುಗಳಲ್ಲಿ ಬೋರ್ ಮಾಡಿಸುವ ಖರ್ಚು ಅನೇಕ ವೇಳೆ ಗಿಟ್ಟುವುದಿಲ್ಲ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ವಾಹನಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಇವುಗಳ ಇಂಜೆಕ್ಟರುಗಳಿಗೆ ಒಂದೊಂದಕ್ಕೂ ಸಂಕೇತ ಸಂಖ್ಯೆಯಿರುತ್ತದೆ; ಬದಲಾಯಿಸಿದಾಗ ಅದನ್ನು ವಾಹನದ ಇಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಉಪಕರಣದ ಮೂಲಕ ತಿಳಿಸಬೇಕು. ಹೊಗೆ ಶುದ್ಧೀಕರಿಸುವ ಫಿಲ್ಟರು, ಸಂವೇದಕಗಳು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಲೋಹದ ಕೆಲಸದಲ್ಲಿ ಎಷ್ಟೇ ನುರಿತ ಮೇಸ್ತ್ರಿಯಾದರೂ ಈ ಉಪಕರಣವಿಲ್ಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಮುಂದೆ ಹೇಳುವ ಲೆಕ್ಕವು ಮುಖ್ಯವಾಗಿ ಅದಕ್ಕೂ ಹಿಂದಿನ ವಾಹನಗಳಿಗೆ ಅನ್ವಯಿಸುತ್ತದೆ ಎಂದು ಓದುಗರು ಭಾವಿಸುವುದು ಕ್ಷೇಮ.

ನಿಂತ ದಿನದ ಬೆಲೆ

ನಮ್ಮ ವರ್ತಕರು ಎರಡು ದರಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಕಡಿಮೆ ಮೊತ್ತ ಯಾವುದೆಂದು ನೋಡುತ್ತಾರೆ. ಆ ಹಾಳೆಗಳಲ್ಲಿ ಬರೆಯದೇ ಇರುವ ದೊಡ್ಡ ಬಾಬ್ತೊಂದಿದೆ. ಅದೇ ವಾಹನ ನಿಂತ ದಿನಗಳ ಬೆಲೆ. ಆಯ್ಕೆಯನ್ನು ನಿರ್ಧರಿಸಬೇಕಾದುದು ಬಹುಮಟ್ಟಿಗೆ ಅದೊಂದೇ ಅಂಕಿ.

ಈ ಬೆಲೆಯನ್ನು ಕಂಡುಹಿಡಿಯುವ ಕ್ರಮ ಸರಳವಾದುದೇ ಆದರೂ ಅದರಲ್ಲಿ ತಪ್ಪುವವರು ಹೆಚ್ಚು. ಒಂದು ದಿನದ ಬಾಡಿಗೆಯಿಂದ, ವಾಹನ ನಿಂತಾಗ ತಾನೂ ನಿಲ್ಲುವ ಖರ್ಚನ್ನು ಮಾತ್ರ ಕಳೆಯಬೇಕು: ಡೀಸೆಲ್, ಟೋಲ್, ಚಾಲಕನ ಬತ್ತೆ, ಟೈರಿನ ಸವೆತ. ತಿಂಗಳ ಸಂಬಳ, ಬ್ಯಾಂಕಿನ ಕಂತು, ವಿಮೆ, ರಸ್ತೆ ತೆರಿಗೆ ಇವು ವಾಹನ ಓಡಿದರೂ ನಿಂತರೂ ಇರುವಂಥವು. ಅವನ್ನು ಕಳೆಯಲೂಬಾರದು, ನಷ್ಟಕ್ಕೆ ಮತ್ತೊಮ್ಮೆ ಕೂಡಿಸಲೂಬಾರದು. ದಿನಕ್ಕೆ ಇಷ್ಟು ನಷ್ಟ, ಅದರ ಮೇಲೆ ಕಂತು ಬೇರೆ ಎಂದು ಹೇಳುವುದು ದುಃಖದ ಮಾತಾಗಬಹುದು, ಲೆಕ್ಕದ ಮಾತಾಗಲಾರದು.

ಪಾಠದ ಸಲುವಾಗಿ ಕೆಲವು ಊಹೆಯ ಅಂಕಿಗಳನ್ನು ಇಟ್ಟುಕೊಳ್ಳೋಣ. ಓದುಗರು ತಮ್ಮ ಅಂಕಿಗಳನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ನೋಡಬಹುದು. ಪಾಂಡವಪುರದ ಮಾಲೀಕರೊಬ್ಬರ ಲಾರಿಗೆ ಹಂಗಾಮಿನಲ್ಲಿ ದಿನಕ್ಕೆ 9,000 ರೂಪಾಯಿ ಬಾಡಿಗೆ. ಡೀಸೆಲ್ 4,200, ಟೋಲ್, ಬತ್ತೆ ಮುಂತಾದುವು 1,300. ನಿಂತ ದಿನದ ಬೆಲೆ 3,500 ರೂಪಾಯಿ ಆಯಿತು. ವಿನಿಮಯದ ಕಂಪನಿ ಇಂಜಿನ್ನಿಗೆ ತೆರಿಗೆ ಸೇರಿ, ಕೂಡಿಸುವ ಕೂಲಿಯೂ ಸೇರಿ 2,40,000 ರೂಪಾಯಿ. ನಾಲ್ಕು ದಿನದಲ್ಲಿ ಲಾರಿ ರಸ್ತೆಗೆ ಬರುತ್ತದೆ. ಕಟ್ಟಿಸುವುದಕ್ಕೆ ಮೇಸ್ತ್ರಿ ಹೇಳಿದ ಅಂದಾಜು 1,30,000. ಬಿಚ್ಚಿದ ಮೇಲೆ ಕ್ರ್ಯಾಂಕು ಗ್ರೈಂಡ್ ಆಗಬೇಕೆಂದೂ ಹೆಡ್ಡಿಗೆ ಕೆಲಸವಿದೆಯೆಂದೂ ತಿಳಿದು 1,65,000ಕ್ಕೆ ಬಂದು ನಿಂತಿತು. ಬೋರಿಂಗ್ ವರ್ಕ್ಸ್‌ನ ಸರದಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬರಬೇಕಾದ ಬಿಡಿಭಾಗ, ಎಲ್ಲ ಸೇರಿ 18 ದಿನ.

ದರಪಟ್ಟಿಯ ಪ್ರಕಾರ ಕಟ್ಟಿಸುವುದರಲ್ಲಿ 75,000 ರೂಪಾಯಿ ಉಳಿತಾಯ. ನಿಂತ ದಿನಗಳನ್ನು ಸೇರಿಸಿದರೆ ಕಂಪನಿ ಇಂಜಿನ್ನಿನ ನಿಜವಾದ ವೆಚ್ಚ 2,54,000, ಕಟ್ಟಿಸಿದ್ದರದು 2,28,000. ಉಳಿತಾಯ 26,000ಕ್ಕೆ ಇಳಿಯಿತು. ಎರಡು ಮಾರ್ಗಗಳ ನಡುವಿನ ವ್ಯತ್ಯಾಸ 14 ದಿನಗಳಾದ್ದರಿಂದ, 75,000ವನ್ನು 14ರಿಂದ ಭಾಗಿಸಿದಾಗ ಬರುವ 5,357 ರೂಪಾಯಿಯೇ ಇಲ್ಲಿನ ಗಡಿ. ನಿಂತ ದಿನದ ಬೆಲೆ ಅದಕ್ಕಿಂತ ಹೆಚ್ಚಾದವನಿಗೆ ಮೊದಲ ದಿನದ ಲೆಕ್ಕದಲ್ಲಿಯೇ ಕಂಪನಿ ಇಂಜಿನ್ ಅಗ್ಗ. ಇದೇ ಲಾರಿ ಹಂಗಾಮು ಮುಗಿದ ಮೇಲೆ, ಬಾಡಿಗೆ ಅಪರೂಪವಾಗಿ ನಿಂತ ದಿನದ ಬೆಲೆ 1,000 ರೂಪಾಯಿಗೆ ಇಳಿದಾಗ ಇಂಜಿನ್ ಇಳಿಸಿದರೆ, ಅಂಕಿಗಳು 2,44,000 ಮತ್ತು 1,83,000 ಆಗುತ್ತವೆ. ಉಳಿತಾಯ 61,000. ಇಂಜಿನ್ ಒಂದೇ, ಮೇಸ್ತ್ರಿಯೂ ಒಬ್ಬನೇ. ಬದಲಾದದ್ದು ತಿಂಗಳು ಮಾತ್ರ. ಎಣ್ಣೆ ಕುಡಿಯಲು, ಹೊಗೆ ಬಿಡಲು ಆರಂಭಿಸಿದ ಇಂಜಿನ್ನನ್ನು ಹಂಗಾಮಿಗೆ ಮೊದಲೇ ಪರೀಕ್ಷಿಸಿ ಇಳಿಸುವವನಿಗೆ ಕಟ್ಟಿಸುವ ದಾರಿ ತೆರೆದಿರುತ್ತದೆ. ಕೆಟ್ಟು ನಿಂತ ಮೇಲೆ ಯೋಚಿಸುವವನಿಗೆ ಅದು ಬಹುಪಾಲು ಮುಚ್ಚಿಹೋಗಿರುತ್ತದೆ.

ಮೇಲಿನ ಲೆಕ್ಕದಲ್ಲಿ ಆಯುಷ್ಯದ ಮಾತು ಬಂದಿಲ್ಲ. ಕಂಪನಿ ಇಂಜಿನ್ 3,00,000 ಕಿಲೋಮೀಟರ್, ಕಟ್ಟಿಸಿದ್ದು 2,00,000 ಕಿಲೋಮೀಟರ್ ಬಾಳುವುದೆಂದು ಊಹಿಸಿದರೆ, ಹಂಗಾಮಿನ ಅಂಕಿಗಳ ಪ್ರಕಾರ ಕಿಲೋಮೀಟರಿಗೆ ಮೊದಲನೆಯದಕ್ಕೆ ಸುಮಾರು 85 ಪೈಸೆ, ಎರಡನೆಯದಕ್ಕೆ 1 ರೂಪಾಯಿ 14 ಪೈಸೆ ಬೀಳುತ್ತದೆ. ಮಾರಾಟಗಾರರು ತೋರಿಸುವುದು ಈ ಲೆಕ್ಕವನ್ನೇ. ಆದರೆ ಲಾರಿಯ ವಯಸ್ಸೇನು? ಎಂಟು ವರ್ಷ ಕಳೆದ ಸಾರಿಗೆ ವಾಹನಕ್ಕೆ ಪ್ರತಿ ವರ್ಷವೂ ಅರ್ಹತಾ ಪತ್ರ ಬೇಕು. ಷಾಸಿ, ಕ್ಯಾಬಿನ್, ಗೇರ್ ಬಾಕ್ಸುಗಳೂ ಇಂಜಿನ್ನಿನ ಜೊತೆಗೇ ಮುದಿಯಾಗಿರುತ್ತವೆ. ಮಾಲೀಕರು ಇನ್ನು 1,20,000 ಕಿಲೋಮೀಟರ್ ಓಡಿಸಿ ಮಾರುವ ಯೋಚನೆಯಲ್ಲಿದ್ದರೆ ಕಿಲೋಮೀಟರಿಗೆ 2 ರೂಪಾಯಿ 12 ಪೈಸೆ ಮತ್ತು 1 ರೂಪಾಯಿ 90 ಪೈಸೆ ಆಗುತ್ತದೆ, ಕಟ್ಟಿಸಿದ್ದೇ ಅಗ್ಗ. ಕೊಳ್ಳುವವನು ಕಂಪನಿ ಇಂಜಿನ್ನಿಗೆಂದು ಹೆಚ್ಚು ಬೆಲೆ ಕೊಟ್ಟರೆ ಅಷ್ಟನ್ನು ಕಳೆಯಬೇಕು, ನಿಜ. ಆದರೆ ಹಳೆಯ ಲಾರಿಯ ಪೇಟೆಯಲ್ಲಿ ಕೊಳ್ಳುವವನು ನೋಡುವುದು ಮೊದಲು ವರ್ಷದ ಮಾದರಿಯನ್ನು. ಇಂಜಿನ್ನಿನ ಆಯುಷ್ಯವನ್ನು ವಾಹನದ ಆಯುಷ್ಯಕ್ಕಿಂತ ಹೆಚ್ಚು ಕೊಂಡರೆ ಮಿಕ್ಕ ಭಾಗವು ಗುಜರಿಯವನಿಗೆ ಉಚಿತವಾಗಿ ಹೋಗುತ್ತದೆ.

ಖಾತರಿಯ ಬಗೆಗೂ ಎರಡು ಮಾತು. ಕಂಪನಿಯ ಖಾತರಿ ಕಾಗದದ ಮೇಲಿರುತ್ತದೆ. ಅಧಿಕೃತ ಕಾರ್ಯಾಗಾರದಲ್ಲಿಯೇ ಕೂಡಿಸಿರಬೇಕು, ನಿಗದಿತ ಎಣ್ಣೆಯನ್ನೇ ಹಾಕಿರಬೇಕು ಎಂಬಂತಹ ಷರತ್ತುಗಳಿರುತ್ತವೆ. ಅದು ಭಾಗವನ್ನು ಬದಲಾಯಿಸಿಕೊಡುತ್ತದೆಯೇ ಹೊರತು ನಿಂತ ದಿನದ ಬೆಲೆಯನ್ನು ಕೊಡುವುದಿಲ್ಲ. ನಮ್ಮೂರಿನ ಮೇಸ್ತ್ರಿಯ ಖಾತರಿ ಬಾಯಿಮಾತಿನದು. ಆದರೂ ರಾತ್ರಿ ಹತ್ತು ಗಂಟೆಗೆ ಕಿಕ್ಕೇರಿಯ ಬಳಿ ಲಾರಿ ನಿಂತರೆ ಪಾನಾ ಹಿಡಿದು ಬರುವವನು ಅವನೇ. ಇದಕ್ಕೆ ಬೆಲೆ ಕಟ್ಟುವ ವಿಧಾನ ನನ್ನ ವೃತ್ತಿಯ ಪುಸ್ತಕಗಳಲ್ಲಿಲ್ಲ. ಬೆಲೆ ಇದೆಯೆಂಬುದಂತೂ ಸತ್ಯ. ಕಟ್ಟಿಸುವವರು ಅಂದಾಜನ್ನು ಬರಹದಲ್ಲಿ ಪಡೆಯಬೇಕು. ಖಚಿತವಾಗಿ ಆಗಬೇಕಾದ ಕೆಲಸವೆಷ್ಟು, ಬಿಚ್ಚಿ ನೋಡಿದ ಮೇಲೆ ಸೇರಬಹುದಾದದ್ದೆಷ್ಟು, ಬ್ಲಾಕೇ ಹೋಗಿದ್ದರೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಂಡು, ಬಿಚ್ಚುವಾಗ ಎದುರಿಗಿದ್ದು, ಅಳತೆಗಳ ಚೀಟಿಯನ್ನು ಇಟ್ಟುಕೊಳ್ಳಬೇಕು. ಯಾವ ದಾರಿ ಹಿಡಿದರೂ ರೇಡಿಯೇಟರ್ ತೊಳೆಸುವುದು, ಪಂಪು ಕ್ಯಾಲಿಬ್ರೇಟ್ ಮಾಡಿಸುವುದು, ಕ್ಲಚ್ ಪ್ಲೇಟು ಇವುಗಳ ಖರ್ಚನ್ನು ಎರಡೂ ಕಡೆ ಹಾಕಬೇಕು. ಕಸ ತುಂಬಿದ ಹಳೆಯ ರೇಡಿಯೇಟರಿನ ಹಿಂದೆ ಹೊಸ ಇಂಜಿನ್ ಕೂಡಿಸಿ ಅದನ್ನು ಕಾಯಿಸಿ ಕೆಡಿಸಿದವರು ಕಡಿಮೆಯೇನಿಲ್ಲ.

ತೆರಿಗೆಯ ಜಮೆ ಯಾರಿಗುಂಟು

ವಾಹನದ ಇಂಜಿನ್ನು ಮತ್ತು ಬಿಡಿಭಾಗಗಳ ಮೇಲೆ ಮೊದಲು ಶೇ. 28 ಇದ್ದ ಜಿ.ಎಸ್.ಟಿ. ದರ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕೆ ಹಿಂದಿನ ದರಪಟ್ಟಿ ಕೈಯಲ್ಲಿದ್ದವರು ಹೊಸದನ್ನು ಕೇಳಿ ಪಡೆಯಬೇಕು. ದುರಸ್ತಿಯ ಕೂಲಿಯ ಮೇಲೂ ಶೇ. 18 ಇದೆ, ಆದರೆ ನಮ್ಮ ತಾಲ್ಲೂಕುಗಳ ಸಣ್ಣ ಕಾರ್ಯಾಗಾರಗಳಲ್ಲಿ ವಾರ್ಷಿಕ ವಹಿವಾಟು ನೋಂದಣಿಯ ಮಿತಿಯೊಳಗೇ ಇರುವಂಥವು ಬಹಳ.

ಈ ತೆರಿಗೆಯನ್ನು ಜಮೆಯಾಗಿ ಪಡೆಯಬಲ್ಲವರು ಯಾರು ಎಂಬುದರ ಮೇಲೆ ಮೇಲಿನ ಗಡಿಯೂ ಸರಿಯುತ್ತದೆ. ನಾಗಮಂಗಲದ ಹಿತ್ತಾಳೆ ಸಾಮಾನುಗಳ ನೋಂದಾಯಿತ ತಯಾರಕನೊಬ್ಬನು ತನ್ನ ಸರಕನ್ನು ತನ್ನದೇ ಲಾರಿಯಲ್ಲಿ ಸಾಗಿಸುತ್ತಿದ್ದರೆ, ಆ ಲಾರಿಯ ಇಂಜಿನ್ನಿನ ಮೇಲಿನ ತೆರಿಗೆ ಅವನಿಗೆ ಜಮೆಯಾಗುತ್ತದೆ. 2,40,000ದಲ್ಲಿ ಅಡಗಿರುವ ತೆರಿಗೆ 36,610. ಅವನಿಗೆ ಬೀಳುವ ವೆಚ್ಚ 2,03,390. ಕಟ್ಟಿಸಿದಾಗಿನ 1,65,000ದಲ್ಲಿ 1,10,000 ಬಿಡಿಭಾಗಗಳದೆಂದು, ಅವನ್ನು ತನ್ನ ಹೆಸರಿನ ಬಿಲ್ಲಿನಲ್ಲಿಯೇ ಕೊಂಡನೆಂದು ಇಟ್ಟುಕೊಂಡರೆ ಜಮೆ 16,780, ವೆಚ್ಚ 1,48,220. ನೋಂದಣಿಯಿಲ್ಲದ ಕಾರ್ಯಾಗಾರದ ಕೂಲಿಗೆ ಜಮೆಯ ಪ್ರಶ್ನೆಯೇ ಇಲ್ಲ. ವ್ಯತ್ಯಾಸ 75,000ದಿಂದ 55,170ಕ್ಕೆ ಇಳಿದು, ಗಡಿಯು 5,357ರ ಬದಲು 3,941 ರೂಪಾಯಿಗೆ ಬರುತ್ತದೆ. ಅಂದರೆ ದಿನಕ್ಕೆ 4,500 ರೂಪಾಯಿ ಬೆಲೆಯ ಲಾರಿಗೆ ಈ ತಯಾರಕನು ಕಂಪನಿ ಇಂಜಿನ್ ತರಿಸುವುದು ಸರಿ. ಅದೇ ಬೆಲೆಯ ಲಾರಿಗೆ ಪಕ್ಕದ ಅಂಗಡಿಯ ಬೆಲ್ಲದ ವರ್ತಕನು ಕಟ್ಟಿಸುವುದು ಸರಿ. ಬಿಡಿ ಬೆಲ್ಲಕ್ಕೆ ತೆರಿಗೆಯಿಲ್ಲ. ತೆರಿಗೆಯಿಲ್ಲದ ಸರಕನ್ನಷ್ಟೇ ಸಾಗಿಸುವ ಲಾರಿಗೆ ಜಮೆಯೂ ಇಲ್ಲ. 2022ರ ಜುಲೈ 18ರಿಂದ ಶೇ. 5ರ ತೆರಿಗೆಗೆ ಒಳಪಟ್ಟಿರುವುದು ಮೊದಲೇ ಕಟ್ಟಿ ಚೀಟಿ ಅಂಟಿಸಿದ ಬೆಲ್ಲ. ಎರಡೂ ಬಗೆಯ ವ್ಯಾಪಾರವಿರುವವರು ಜಮೆಯನ್ನು ಪ್ರಮಾಣಾನುಸಾರ ಹಂಚಬೇಕಾಗುತ್ತದೆ.

ಲಾರಿಯನ್ನು ಸಾಗಣೆ ಏಜೆನ್ಸಿಗೆ ಬಾಡಿಗೆಗೆ ಬಿಡುವ ಮಾಲೀಕನಿಗೆ ಆ ಬಾಡಿಗೆಯ ಮೇಲೆ ತೆರಿಗೆಯಿಲ್ಲವಾದ್ದರಿಂದ ಜಮೆಯೂ ಇಲ್ಲ. ಶೇ. 5ರ ದರದಲ್ಲಿರುವ ಏಜೆನ್ಸಿಗೂ ಅಷ್ಟೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಈ ಗುಂಪಿಗೆ ಸೇರಿದವರಾದ್ದರಿಂದ ಅವರು ಪೂರ್ಣ ಮೊತ್ತದ ಲೆಕ್ಕವನ್ನೇ ಹಿಡಿಯಬೇಕು. ಹಳೆಯ ಇಂಜಿನ್ನನ್ನು ವಿನಿಮಯಕ್ಕೆ ಕೊಡುವುದೂ ಕಾಯಿದೆಯ ದೃಷ್ಟಿಯಲ್ಲಿ ಒಂದು ಪೂರೈಕೆಯೇ ಎಂಬುದನ್ನು ನೋಂದಾಯಿತ ವರ್ತಕರು ಮರೆಯಬಾರದು.

ದುರಸ್ತಿಯೋ, ಬಂಡವಾಳವೋ

ಆದಾಯ ತೆರಿಗೆಯಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. 1961ರ ಕಾಯಿದೆಯ 31ನೇ ಪ್ರಕರಣವು ಯಂತ್ರಗಳ 'ಚಾಲ್ತಿ ದುರಸ್ತಿ'ಯ ವೆಚ್ಚವನ್ನು ಆಯಾ ವರ್ಷದಲ್ಲಿಯೇ ಕಳೆಯಲು ಅವಕಾಶ ಕೊಟ್ಟಿತು. ಬಂಡವಾಳ ಸ್ವರೂಪದ ವೆಚ್ಚ ಇದರಲ್ಲಿ ಸೇರದೆಂಬ ವಿವರಣೆಯನ್ನು 2003ರ ಹಣಕಾಸು ಕಾಯಿದೆ ಸೇರಿಸಿತು. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಕಾಯಿದೆಯಲ್ಲಿಯೂ ಈ ಪರಿಕಲ್ಪನೆ ಉಳಿದಿದೆ. ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡಿದ ವೆಚ್ಚವು ದುರಸ್ತಿ. ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚವು ದುರಸ್ತಿಯಲ್ಲ. ಮುಂಬಯಿ ಹೈಕೋರ್ಟು ನ್ಯೂ ಶೋರಕ್ ಮಿಲ್ಲಿನ ಪ್ರಕರಣದಲ್ಲಿ 1956ರಲ್ಲಿ ಹೇಳಿದ ಈ ಪರೀಕ್ಷೆಯನ್ನು ಸುಪ್ರೀಂ ಕೋರ್ಟು 1997ರಲ್ಲಿ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿತು.

ಕಟ್ಟಿಸಿದ ಇಂಜಿನ್ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅದೇ ಜಾತಿಯ, ಅದೇ ಶಕ್ತಿಯ ಕಂಪನಿ ಇಂಜಿನ್ ಹಾಕಿದಾಗಲೂ ಆಸ್ತಿ ಎಂದರೆ ಇಡೀ ಲಾರಿ, ಇಂಜಿನ್ ಅದರ ಒಂದು ಭಾಗ ಎಂಬ ವಾದಕ್ಕೆ ಸಾಕಷ್ಟು ಬಲವಿದೆ. ಹೆಚ್ಚು ಶಕ್ತಿಯದನ್ನೋ ಬೇರೆ ಇಂಧನದ್ದನ್ನೋ ಹಾಕಿಸಿದರೆ ಹೊಸ ಅನುಕೂಲದ ಪ್ರಶ್ನೆ ಏಳುತ್ತದೆ. ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಹಾಕಿಸಿದವರ ತಕರಾರುಗಳು ಹಿಂದೆ ಹೈಕೋರ್ಟುಗಳವರೆಗೂ ಹೋಗಿದ್ದವು. ಇಲ್ಲಿ ಸಣ್ಣ ತಯಾರಕರು ವಿಶೇಷವಾಗಿ ಎಚ್ಚರ ವಹಿಸಬೇಕು. 2007ರಲ್ಲಿ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಿರಣಿಯ ಒಂದೊಂದು ಯಂತ್ರವೂ ಸ್ವತಂತ್ರವಾದ ಯಂತ್ರವೆಂದೂ ಇಡೀ ರಿಂಗ್ ಫ್ರೇಮನ್ನು ಬದಲಾಯಿಸಿದ್ದು ಚಾಲ್ತಿ ದುರಸ್ತಿಯಲ್ಲವೆಂದೂ ತೀರ್ಪಿತ್ತಿತು. ಇದರಂತೆ ನೋಡಿದರೆ ಲಾರಿಯೊಳಗಿನ ಇಂಜಿನ್ ಒಂದು ಭಾಗ. ಆಲೆಮನೆಯ ಗಾಣವನ್ನೋ ಅಕ್ಕಿ ಗಿರಣಿಯನ್ನೋ ತಿರುಗಿಸುವ, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಡೀಸೆಲ್ ಇಂಜಿನ್ ತಾನೇ ಒಂದು ಯಂತ್ರ. ಅದನ್ನು ಪೂರ್ತಿ ಬದಲಾಯಿಸಿದರೆ ಬಂಡವಾಳ ವೆಚ್ಚವಾಗಿ ಶೇ. 15ರ ಸವಕಳಿ ಮಾತ್ರ ಸಿಗುತ್ತದೆ. 180 ದಿನಗಳಿಗಿಂತ ಕಡಿಮೆ ಬಳಸಿದ ವರ್ಷದಲ್ಲಿ ಅದರ ಅರ್ಧ. ಅದನ್ನೇ ಕಟ್ಟಿಸಿದರೆ ಪೂರ್ಣ ವೆಚ್ಚ ಆ ವರ್ಷದಲ್ಲಿಯೇ ಕಳೆಯುತ್ತದೆ. ಅಂತಹ 15 ಅಶ್ವಶಕ್ತಿ ಮೀರದ ಸ್ಥಿರ ವೇಗದ ಡೀಸೆಲ್ ಇಂಜಿನ್ನಿನ ಮೇಲೆ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಲ್ಲಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಎರಡನ್ನೂ ತೂಗಿ ನೋಡಬೇಕು.

ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳಿದ್ದು ಅಂದಾಜು ಆದಾಯದ ಪದ್ಧತಿಯಲ್ಲಿ, ಎಂದರೆ ಹಿಂದಿನ 44ಎಇ ಪ್ರಕರಣದ ಕ್ರಮದಲ್ಲಿ, ತೆರಿಗೆ ಕಟ್ಟುವವರಿಗೆ ಮಾತ್ರ ಈ ಇಡೀ ಚರ್ಚೆ ಅನಗತ್ಯ. ಒಟ್ಟು ತೂಕ 12,000 ಕಿಲೋಗ್ರಾಂ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನೊಂದಕ್ಕೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಹಿಡಿಯುವಾಗಲೇ ದುರಸ್ತಿ, ಸವಕಳಿ ಎಲ್ಲವೂ ಕಳೆದುಹೋಗಿವೆ ಎಂದು ಭಾವಿಸಲಾಗುತ್ತದೆ. ಇಂಜಿನ್ನಿಗೆ ಖರ್ಚು ಮಾಡಿದ ಒಂದೊಂದು ರೂಪಾಯಿಯೂ ಇವರ ಸ್ವಂತ ಜೇಬಿನದು. ಬಿಲ್ಲು ದೊಡ್ಡದಾದಷ್ಟೂ ತೆರಿಗೆ ಉಳಿಯುತ್ತದೆಂದು ಯಾರಾದರೂ ಇವರಿಗೆ ಹೇಳಿದರೆ ನಂಬಬಾರದು.

ನೋಂದಣಿ ಪತ್ರ ಮತ್ತು ವಿಮೆ

ಕಟ್ಟಿಸಿದ ಇಂಜಿನ್ನಿಗೆ ದರಪಟ್ಟಿಯಲ್ಲಿ ಕಾಣದ ಒಂದು ಲಾಭವಿದೆ. ಬ್ಲಾಕು ಅದೇ ಆದ್ದರಿಂದ ಇಂಜಿನ್ ಸಂಖ್ಯೆಯೂ ಅದೇ; ಯಾವ ಕಚೇರಿಗೂ ಹೋಗಬೇಕಾಗಿಲ್ಲ. ಬ್ಲಾಕು ಬದಲಾದರೆ ಹಾಗಲ್ಲ. ಮೋಟಾರು ವಾಹನ ಕಾಯಿದೆ, 1988ರ 52ನೇ ಪ್ರಕರಣದಂತೆ ಹೊಸ ಸಂಖ್ಯೆಯು ನೋಂದಣಿ ಪತ್ರದಲ್ಲಿ ದಾಖಲಾಗಬೇಕು. ಕೆಎ-11ರ ಮಂಡ್ಯ ಕಚೇರಿಯಾಗಲಿ ಕೆಎ-54ರ ನಾಗಮಂಗಲ ಕಚೇರಿಯಾಗಲಿ, ತಮ್ಮ ನೋಂದಣಿ ಪ್ರಾಧಿಕಾರದಿಂದ ಮೊದಲೇ ಅನುಮತಿ ಪಡೆಯುವುದು ಸರಿಯಾದ ಕ್ರಮ. ಹತ್ತಕ್ಕೆ ಕಡಿಮೆಯಿಲ್ಲದ ಸಾರಿಗೆ ವಾಹನಗಳ ಮಾಲೀಕರಿಗೆ, ಅದೇ ತಯಾರಿಕೆಯ ಅದೇ ಮಾದರಿಯ ಇಂಜಿನ್ನನ್ನು ಅನುಮತಿಯಿಲ್ಲದೆ ಬದಲಾಯಿಸಲು ರಾಜ್ಯ ಸರ್ಕಾರವು ಅಧಿಸೂಚನೆಯ ಮೂಲಕ ಅಧಿಕಾರ ಕೊಡಬಹುದೆಂದು ಇದೇ ಪ್ರಕರಣದಲ್ಲಿದೆ. ಹಾಗೆ ಬದಲಾಯಿಸಿದವರೂ 14 ದಿನಗಳೊಳಗೆ ವರದಿ ಮಾಡಬೇಕು. ಕಂತಿನ ಕರಾರಿನಲ್ಲಿರುವ ವಾಹನಕ್ಕೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನೂ ಪಡೆದಿರಬೇಕು.

ಹಳೆಯ ಜೀಪಿಗೆ ಬೇರೆ ಕಂಪನಿಯ ಇಂಜಿನ್ ಹಾಕಿಸುವ ಚಟ ನಮ್ಮ ಕಡೆ ಹಿಂದೆ ಬಹಳವಿತ್ತು. ತಯಾರಕನು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷ ಕಾಯಿದೆಗೆ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಗುಜರಿಯಿಂದ ತಂದ ಇಂಜಿನ್ ಹಾಕಿಸುವ ಮೂರನೆಯ ದಾರಿಯೊಂದನ್ನು ಅನೇಕರು ಕೇಳುತ್ತಾರೆ. ಮೂಲ ವಾಹನದ ದಾಖಲೆ, ಮಾರಿದವನ ಬಿಲ್ಲು ಎರಡೂ ಇಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ವಿಮಾ ಕಂಪನಿಗೆ ಹೊಸ ಸಂಖ್ಯೆಯನ್ನು ತಿಳಿಸಿ ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು. ಅಪಘಾತವಾದಾಗ ಸರ್ವೇಯರು ಮೊದಲು ಹೋಲಿಸಿ ನೋಡುವ ಸಂಖ್ಯೆಗಳಲ್ಲಿ ಇದೂ ಒಂದು.

ಹಣ ಕೊಡುವ ಬಗೆ

ಪುಸ್ತಕ ಬರೆದು ಲಾಭ ತೋರಿಸುವವರು ಒಬ್ಬನಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ಕಳೆಯುವುದಿಲ್ಲ. ಬಂಡವಾಳ ವೆಚ್ಚವಾದರೆ ಅಷ್ಟಕ್ಕೆ ಸವಕಳಿಯೂ ಸಿಗುವುದಿಲ್ಲ. ಸಾರಿಗೆಯವರಿಗೆ ಈ ಮಿತಿ 35,000 ಎಂದು ತಿಳಿದಿರುವವರುಂಟು. ಆ ಮಿತಿ ಸಾರಿಗೆಯವನಿಗೆ ಬಾಡಿಗೆ ಕೊಡುವವರದು, ಸಾರಿಗೆಯವನು ಮೇಸ್ತ್ರಿಗೆ ಕೊಡುವಾಗಿನದಲ್ಲ. ಬೋರಿಂಗ್ ವರ್ಕ್ಸ್‌ಗೆ, ಬಿಡಿಭಾಗದ ಅಂಗಡಿಗೆ, ಮೇಸ್ತ್ರಿಗೆ ಪ್ರತ್ಯೇಕವಾಗಿ ಬ್ಯಾಂಕಿನ ಮೂಲಕವೇ ಪಾವತಿ ಮಾಡಿ, ಮೂವರ ಬಿಲ್ಲುಗಳನ್ನೂ ಅಳತೆಯ ಚೀಟಿಯೊಡನೆ ಒಂದೇ ಕಡತದಲ್ಲಿಡಬೇಕು.

ಸಾಲದ ಮೇಲೆ ಕಟ್ಟಿಸಿಕೊಂಡು ಹಂಗಾಮಿನ ಹಣ ಬಂದ ಮೇಲೆ ತೀರಿಸುವ ರೂಢಿಯೂ ಇದೆ. ಕಂಪನಿ ಇಂಜಿನ್ನಿಗೆ ಇಲ್ಲದ ಅನುಕೂಲ ಅದು. ಆದರೆ ಕಾರ್ಯಾಗಾರವು 'ಉದ್ಯಮ್' ನೋಂದಣಿ ಪಡೆದ ಅತಿ ಸಣ್ಣ ಅಥವಾ ಸಣ್ಣ ಘಟಕವಾಗಿದ್ದರೆ, ಬರಹದ ಒಪ್ಪಂದವಿಲ್ಲದಾಗ 15 ದಿನ, ಇದ್ದಾಗ ಗರಿಷ್ಠ 45 ದಿನಗಳೊಳಗೆ ಹಣ ಕೊಡಬೇಕು. 2023ರ ಹಣಕಾಸು ಕಾಯಿದೆಯು 43ಬಿ ಪ್ರಕರಣಕ್ಕೆ ಸೇರಿಸಿದ ನಿಯಮದಂತೆ, ಅವಧಿ ಮೀರಿ ಮಾರ್ಚ್ 31ರಂದು ಬಾಕಿ ಉಳಿದ ಮೊತ್ತವು ಆ ವರ್ಷದ ಲೆಕ್ಕದಲ್ಲಿ ಕಳೆಯದೆ, ನಿಜವಾಗಿ ಪಾವತಿ ಮಾಡಿದ ವರ್ಷದಲ್ಲಿ ಮಾತ್ರ ಕಳೆಯುತ್ತದೆ. ಜನವರಿಯಲ್ಲಿ ಇಂಜಿನ್ ಕಟ್ಟಿಸಿ ಯುಗಾದಿಗೆ ಹಣ ಕೊಡುತ್ತೇನೆಂದು ಹೇಳುವವರು ಯುಗಾದಿ ಆ ವರ್ಷ ಮಾರ್ಚಿನಲ್ಲಿದೆಯೋ ಏಪ್ರಿಲಿನಲ್ಲಿದೆಯೋ ಎಂದು ಪಂಚಾಂಗ ನೋಡಿಕೊಂಡು ಮಾತು ಕೊಡುವುದು ಒಳ್ಳೆಯದು.